ತಪ್ಪು ಮನೆಯ ಬಾಗಿಲಲ್ಲಿ ಅತ್ತೆ

“ಎಂಟನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೊಡೆದವನ ಕೈಗೆ ಸರ್ವರ್ ಕೊಟ್ಟಿದ್ದೀರಲ್ಲ ಮೇಡಂ, ನಾಳೆ ಗೇಟ್ ಕಾಯೋನ ಕೈಗೆ ಆಪರೇಷನ್ ಚಾಕು ಕೊಡ್ತೀರಾ?”

ಸಂಸ್ಥೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಈ ಮಾತು ಆಡಿದ್ದು ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತಿದ್ದಾಗ. ಅವನ ಕೈಕೆಳಗಿನ ಎಂಜಿನಿಯರುಗಳು ಕಾಫಿ ಲೋಟ ಬಾಯಿಗೆ ಅಡ್ಡ ಹಿಡಿದು ನಕ್ಕರು. ಪೋಷಕರ ಸಂಘದಿಂದ ಬಂದಿದ್ದ ಹೆಂಗಸರು ನಗಲಿಲ್ಲ. ಆದರೆ ಅವರು ನನ್ನನ್ನು ನೋಡಿದ ರೀತಿ ನಗುವುದಕ್ಕಿಂತ ಕಡೆ. ಬಸ್ಸಿನಲ್ಲಿ ಜೇಬು ಕತ್ತರಿಸಿಕೊಂಡವನನ್ನು ನೋಡುವ ಹಾಗೆ ನೋಡಿದರು. ನನ್ನ ಕಿವಿ ಕಾದ ಹೆಂಚಾಯಿತು. ಕುರ್ಚಿ ಹಿಂದಕ್ಕೆ ತಳ್ಳಿದೆ. ಮೇಜಿನ ಕೆಳಗೆ ಅತ್ತೆ ನನ್ನ ಪಾದ ತುಳಿದು ಹಿಡಿದಳು.

“ಗೇಟ್ ಕಾಯೋನ ಕೈ ನಡುಗದಿದ್ರೆ ಕೊಡೋಣ ಬಿಡಿ ಸರ್,” ಎಂದು ಎಲ್ಲರಿಗಿಂತ ಜೋರಾಗಿ ನಕ್ಕಳು. “ಈಗ ಕೆಲಸದ ಮಾತಿಗೆ ಬರೋಣ್ವಾ?”

ಆ ಮುಖ್ಯಸ್ಥನಿಗೆ ನಾನು ಇಟ್ಟಿರುವ ಹೆಸರು ಇಸ್ತ್ರಿ. ಅಂಗಿಯಲ್ಲಿ ಸುಕ್ಕಿಲ್ಲ, ಮುಖದಲ್ಲಿ ಸುಕ್ಕಿಲ್ಲ, ಮಾತು ಕೂಡ ಮಡಿಕೆ ಮುರಿಯದೆ ಬರುತ್ತದೆ. ಅವನಿಗಿಂತ ಹೆಚ್ಚಾಗಿ ನನಗೆ ಆಗ ಅತ್ತೆಯ ಮೇಲೆ ಸಿಟ್ಟು ಬಂತು. ನನ್ನ ಅಪ್ಪನ ತಂಗಿ, ನನ್ನನ್ನು ಸಾಕಿದವಳು, ಈ ಕೆಲಸವನ್ನು ನನಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದವಳು. ನನ್ನ ಪರ ಒಂದು ಮಾತು ಆಡಬಾರದಿತ್ತೇ?

ಕೆಲಸ ಇಷ್ಟು. ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮಂದಿರು ಕೂಡಿ ಮಾಡಿಕೊಂಡಿದ್ದ ಒಂದು ವೆಬ್‌ಸೈಟು. ಒಂದೊಂದು ಪದಕ್ಕೆ ಒಂದೊಂದು ಪುಟ. ಪುಟದಲ್ಲಿ ಒಂದು ಪುಟ್ಟ ವಿಡಿಯೊ, ಅದರಲ್ಲಿ ಆ ಪದವನ್ನು ಸನ್ನೆಯಲ್ಲಿ ಹೇಳುವ ಎರಡು ಕೈ. ಪುಟದ ವಿಳಾಸವನ್ನು ಚೌಕದ ಗುರುತಾಗಿ ಚೀಟಿಗಳ ಮೇಲೆ ಅಚ್ಚು ಹಾಕಿಸಿ ನಲ್ಲಿಗೆ, ಬಾಗಿಲಿಗೆ, ಹಾಲಿನ ಪಾತ್ರೆಗೆ, ಶಾಲೆಯ ಗಂಟೆಗೆ, ಆಸ್ಪತ್ರೆಯ ತೂಕದ ಯಂತ್ರಕ್ಕೆ ಅಂಟಿಸಿದ್ದಾರೆ. ಚೀಟಿಗೆ ಫೋನು ಹಿಡಿದರೆ ಕೈ ಬರುತ್ತದೆ. ಈ ಸೈಟು ಇಷ್ಟು ವರ್ಷ ಬದುಕಿದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಮೆಷಿನ್ನಿನ ಪಕ್ಕ ಗುಂಯ್ಗುಡುವ ಅತ್ತೆಯ ಸರ್ವರಿನಲ್ಲಿ. ಈಗ ಇಸ್ತ್ರಿಯ ಸಂಸ್ಥೆ ಅದನ್ನು ವಹಿಸಿಕೊಂಡು, ಹೊಸದಾಗಿ ಕಟ್ಟಿ, ಎಲ್ಲ ಪುಟಗಳಿಗೂ ಹೊಸ ವಿಳಾಸ ಕೊಟ್ಟಿತ್ತು. ಚೀಟಿಗಳಲ್ಲಿ ಇರುವುದು ಹಳೆಯ ವಿಳಾಸ. ಯಾರ ಮನೆಯ ಯಾವ ಗೋಡೆಗೆ ಯಾವ ಚೀಟಿ ಅಂಟಿದೆಯೋ ಯಾರಿಗೂ ಗೊತ್ತಿಲ್ಲ. ಕಿತ್ತು ಬೇರೆ ಅಂಟಿಸುವ ಮಾತೇ ಇಲ್ಲ. ಹಾಗಾಗಿ ಹಳೆಯ ವಿಳಾಸಕ್ಕೆ ಬಂದವರನ್ನು ನಮ್ಮ ಸರ್ವರು ಹೊಸ ವಿಳಾಸಕ್ಕೆ ದಾಟಿಸಬೇಕು. ಅದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ.

“ಒಂದು ಸಾಲಿನ ಕೆಲಸ ಅದು,” ಎಂದ ಇಸ್ತ್ರಿ. “ಎಲ್ಲಾನೂ ನಮ್ಮ ಸೈಟಿಗೆ ತಳ್ಳಿಬಿಡಿ. ಬೇಕಾದವರು ಅಲ್ಲಿ ಹುಡುಕ್ಕೋತಾರೆ.”

“ಮೂರು ವರ್ಷದ ಮಗು ಹುಡುಕ್ಕೊಳ್ಳೋದಿಲ್ಲ ಸರ್. ನಲ್ಲಿ ಕೇಳಿದ ಮಗೂಗೆ ನಲ್ಲೀನೇ ಸಿಗ್ಬೇಕು. ಒಂದೊಂದು ಪದಕ್ಕೂ ಒಂದೊಂದು ಸಾಲು ಬರೀತೀವಿ.”

“ನಿಮ್ಮಿಷ್ಟ. ನಿಮಗೆ ಪುರಸೊತ್ತಿದೆ,” ಎಂದು ಅವನು ಗಡಿಯಾರ ನೋಡಿಕೊಂಡ.

ಮೂರು ವರ್ಷದ ಮಗು ಎಂದು ಅತ್ತೆ ಹೇಳಿದ್ದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ನಮ್ಮ ಮನೆಯ ಮಹಡಿಯಲ್ಲಿ ಅಕ್ಕ ಇದ್ದಾಳೆ, ಅಕ್ಕನ ಮಗಳು ಪುಟ್ಟಿ ಇದ್ದಾಳೆ. ಪುಟ್ಟಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮನೆ ತುಂಬ ಚೀಟಿ. ಅವಳು ಅಕ್ಕನ ಫೋನು ಕಿತ್ತುಕೊಂಡು ಒಂದೊಂದಕ್ಕೂ ಹಿಡಿಯುತ್ತಾಳೆ, ಕೈ ನೋಡುತ್ತಾಳೆ, ತಾನೂ ಮಾಡುತ್ತಾಳೆ, ಆಮೇಲೆ ಬೇಕಾದ್ದು ಕೇಳುತ್ತಾಳೆ. ವಿಡಿಯೊದ ಕೈಗಳು ಒಬ್ಬ ಕಿವುಡ ಟೈಲರಿನವು. ಅವನು ಹೊಲಿಯುವಾಗ ಬೆರಳಿಗೆ ಹಾಕುವ ತಗಡಿನ ಟೋಪಿ ತೆಗೆಯಲು ಮರೆತು ನಲ್ಲಿಯ ವಿಡಿಯೊಗೆ ನಿಂತಿದ್ದ. ಹಾಗಾಗಿ ನಮ್ಮ ಪುಟ್ಟಿ ನೀರು ಕೇಳಬೇಕಾದರೆ ಮೊದಲು ಪೆನ್ನಿನ ಮುಚ್ಚಳ ಹುಡುಕುತ್ತಾಳೆ. ಬೆರಳಿಗೆ ಮುಚ್ಚಳ ಸಿಕ್ಕಿಸಿಕೊಂಡು, ಮುಷ್ಟಿ ತಿರುಗಿಸಿ, ಗತ್ತಿನಿಂದ ನಿಲ್ಲುತ್ತಾಳೆ. ನನಗೂ ಅವಳು ಒಂದು ಹೆಸರು ಇಟ್ಟಿದ್ದಾಳೆ: ಎರಡು ಬೆರಳಿನಿಂದ ಹುಬ್ಬುಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು. ಹುಬ್ಬುಗಂಟು ಮಾವ.

ಈ ರೀಡೈರೆಕ್ಟ್ ಸಾಲುಗಳನ್ನು ಅತ್ತೆ ಬರೆಯುವುದನ್ನು ನೋಡಬೇಕು. ಸಂಗೀತ ಕಛೇರಿಗೆ ಹೋಗುವವರು ಅದ್ಯಾಕೆ ಅಷ್ಟು ಹೊತ್ತು ಕೂರುತ್ತಾರೋ ನನಗೆ ಗೊತ್ತಿಲ್ಲ, ಆದರೆ ಅತ್ತೆ ಕೀಬೋರ್ಡಿನ ಮುಂದೆ ಕೂತಾಗ ನಾನು ಊಟ ಮರೆಯುತ್ತೇನೆ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಫೈಲು ತೆರೆಯುವ ಮೊದಲು ಅದರ ನಕಲು ತೆಗೆದಿಡುತ್ತಾಳೆ. ಒಂದೊಂದು ಸಾಲು ಮುಗಿಸಿದಾಗಲೂ ಗಟ್ಟಿಯಾಗಿ ಹೇಳುತ್ತಾಳೆ: “ಆ ನಂಬರಿನವರು ಮನೆ ಬದಲಾಯಿಸಿದ್ದಾರೆ. ಲೈನಲ್ಲಿರಿ, ಕೊಡ್ತೀನಿ.” ಎಂಟರ್ ಒತ್ತುತ್ತಾಳೆ. ಆಮೇಲೆ ಹಳೆಯ ವಿಳಾಸವನ್ನು ತಾನೇ ಟೈಪು ಮಾಡಿ, ಸರಿಯಾದ ಕೈ ಬರುವ ತನಕ ಮುಂದಿನ ಸಾಲಿಗೆ ಹೋಗುವುದಿಲ್ಲ.

ಹರೆಯದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಳು. ತಂತಿ ಎಳೆದು ತೂತಿಗೆ ಚುಚ್ಚಿ ಲೈನು ಕೊಡುತ್ತಿದ್ದ ಕಾಲ. ಯಾರೋ ಮನೆ ಬಿಟ್ಟು ಹೋಗಿರುತ್ತಿದ್ದರು, ಹಳೆ ನಂಬರಿಗೆ ಕರೆ ಬರುತ್ತಿತ್ತು. ಉಳಿದ ಆಪರೇಟರುಗಳು ‘ಆ ನಂಬರ್ ಇಲ್ಲ’ ಎಂದು ತಂತಿ ಕೀಳುತ್ತಿದ್ದರಂತೆ. ಅತ್ತೆ ಕೀಳುತ್ತಿರಲಿಲ್ಲ. “ಪಾಪ, ಯಾರದೋ ಹೆರಿಗೆಯೋ ಸಾವೋ. ಲೈನು ಕಿತ್ತು ನಾನೇನು ಸಂಪಾದಿಸ್ಬೇಕಾಗಿತ್ತು?” ಎಂಬುದು ಅವಳ ಮಾತು. ತನ್ನನ್ನು ತಾನೇ ಹೊಗಳಿಕೊಳ್ಳುವುದರಲ್ಲೂ ಅವಳಿಗೆ ನಾಚಿಕೆಯಿಲ್ಲ. “ನನ್ನಂಥ ಆಪರೇಟರು ಆ ಎಕ್ಸ್‌ಚೇಂಜಿಗೆ ಮತ್ತೆ ಸಿಗ್ಲಿಲ್ಲ ಕಣೋ, ಅದಕ್ಕೇ ಮುಚ್ಚಿದ್ರು!”

ಅವಳು ನನಗೆ ಕಲಿಸಿದ್ದು ಮುಖ್ಯವಾಗಿ ಎರಡು ವಿಷಯ.

“ಸಣ್ಣ ಸಾಲು ಮೇಲೆ, ದೊಡ್ಡ ಸಾಲು ಕೆಳಗೆ ಇಡು. ಸರ್ವರು ಮೇಲಿಂದ ಓದ್ಕೊಂಡು ಬರುತ್ತೆ. ಹೊಂದೋ ಸಾಲು ಸಿಕ್ತು ಅಂದ್ರೆ ಅಲ್ಲಿಗೇ ನಿಲ್ಸುತ್ತೆ, ಕೆಳಗೆ ಏನಿದೆ ಅಂತ ನೋಡೋದೂ ಇಲ್ಲ. ‘ಎಲ್ಲರೂ’ ಅನ್ನೋ ಸಾಲನ್ನ ಮೇಲಿಟ್ರೆ ಮುಗೀತು, ನಲ್ಲಿಗೂ ಹಾಲಿಗೂ ಸರದಿ ಬರೋದೇ ಇಲ್ಲ.”

ಇನ್ನೊಂದು: “ಮೊದಲು ಟೆಂಪರರಿ ಹಾಕು. ಟೆಂಪರರಿ ಅಂದ್ರೆ ‘ಇವತ್ತು ಅಲ್ಲಿದ್ದಾರೆ, ನಾಳೆ ಮತ್ತೆ ನನ್ನ ಕೇಳು’ ಅಂತ. ಪರ್ಮನೆಂಟ್ ಅಂದ್ರೆ ‘ಇನ್ನು ನನ್ನ ಕೇಳ್ಬೇಡ, ನೇರ ಅಲ್ಲಿಗೇ ಹೋಗು’ ಅಂತ. ಫೋನಲ್ಲಿರೋ ಬ್ರೌಸರ್ ಇದೆಯಲ್ಲ, ಬಲು ವಿಧೇಯ ಪ್ರಾಣಿ. ಕೇಳ್ಬೇಡ ಅಂದ್ರೆ ಕೇಳೋದೇ ಇಲ್ಲ. ಆಮೇಲೆ ನೀನು ತಲೆ ಚಚ್ಕೊಂಡ್ರೂ ನಿನ್ನ ಬಾಗಿಲಿಗೆ ಬರಲ್ಲ.”

ಸೈಟು ಬದಲಾಗುವ ದಿನ ಬೆಳಿಗ್ಗೆ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಪದಗಳ ಸಾಲುಗಳೆಲ್ಲ ಸಿದ್ಧವಾಗಿದ್ದವು. “ನಾನು ಬಂದ್ಮೇಲೆ ಕೂತು ಹಾಕೋಣ. ಅಲ್ಲೀವರೆಗೆ ಮುಟ್ಬೇಡ ಮರಿ,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಅವಳು ಬೀದಿಯ ತಿರುವು ದಾಟಿದ್ದಳೋ ಇಲ್ಲವೋ, ಫೋನು ಬಂತು. ಇಸ್ತ್ರಿ.

“ಏನಪ್ಪಾ, ಇನ್ನೂ ಆಗಿಲ್ವಾ? ಮೇಡಂ ಇಲ್ದಿದ್ರೆ ಕೈ ಓಡಲ್ವಾ ನಿಂಗೆ?” ಅವನ ಹಿಂದೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ನನ್ನ ಮೈಯೆಲ್ಲ ಉರಿದುಹೋಯಿತು. ಕೂತೆ. ಪದಗಳ ಸಾಲುಗಳನ್ನು ಫೈಲಿಗೆ ಸುರಿದೆ. ಮುಖಪುಟವೂ ದಾಟಲಿ ಎಂದು ‘ಎಲ್ಲರೂ ಹೊಸ ಸೈಟಿಗೆ’ ಎಂಬ ದೊಡ್ಡ ಸಾಲನ್ನೂ ಬರೆದೆ. ಬರೆದದ್ದು ಮೇಲೆ, ಎಲ್ಲದಕ್ಕಿಂತ ಮೇಲೆ. ಪರ್ಮನೆಂಟ್ ಎಂದೂ ಹಾಕಿದೆ, ಈ ಮನುಷ್ಯನ ಸಹವಾಸ ಒಂದೇ ಸಲಕ್ಕೆ ಮುಗಿಯಲಿ ಎಂದು. ಮುಖಪುಟ ತೆರೆದು ನೋಡಿದೆ, ಹೊಸ ಸೈಟಿಗೆ ಸರಿಯಾಗಿ ಹಾರಿತು. ‘ಆಯ್ತು’ ಎಂದು ಇಸ್ತ್ರಿಗೆ ಮೆಸೇಜು ಕಳಿಸಿ, ಬಚ್ಚಲಲ್ಲಿ ಮುಖಕ್ಕೆ ನೀರು ಎರಚಿಕೊಂಡೆ. ಗೆದ್ದ ಕುದುರೆಯ ಹಾಗೆ ಮನೆಯಲ್ಲೆಲ್ಲ ಓಡಾಡಿದೆ.

ಮಧ್ಯಾಹ್ನ ಮಹಡಿಯಿಂದ ಅಕ್ಕನ ಕೂಗು ಕೇಳಿತು.

“ಲೋ, ಬಾರೋ ಇಲ್ಲಿ! ಏನ್ ಮಾಡಿದ್ದೀಯೋ?”

ಪುಟ್ಟಿ ನಲ್ಲಿಯ ಮುಂದೆ ನಿಂತಿದ್ದಳು. ಬೆರಳಿಗೆ ಮುಚ್ಚಳ ಸಿಕ್ಕಿಸಿ ತಯಾರಾಗಿದ್ದಳು. ಫೋನಿನಲ್ಲಿ ಬಿಳಿಯ ಪುಟ: ‘ನೀವು ಹುಡುಕಿದ ಪುಟ ಇಲ್ಲ.’ ಅವಳಿಗೆ ಓದು ಬಾರದು. ಫೋನನ್ನು ಮಗುಚಿ ಹಿಂದೆ ನೋಡಿದಳು, ಕೈಗಳು ಅಲ್ಲೇನಾದರೂ ಅಡಗಿವೆಯೇ ಎಂದು. ಮತ್ತೆ ಮಗುಚಿದಳು. ಬಾಗಿಲ ಚೀಟಿಗೆ ಹಿಡಿದಳು, ಅದೇ ಬಿಳಿ ಪುಟ. ಹಾಲಿನದಕ್ಕೆ ಹಿಡಿದಳು, ಅದೇ. ನನ್ನನ್ನು ನೋಡಿ ಹುಬ್ಬು ಎಳೆದುಕೊಂಡಳು, ಆಮೇಲೆ ಖಾಲಿ ಕೈ ತೋರಿಸಿದಳು. ಹುಬ್ಬುಗಂಟು ಮಾವ, ಎಲ್ಲಿ?

ಮೆಟ್ಟಿಲುಗಳನ್ನು ಹಾರಿಕೊಂಡು ಕೆಳಗೆ ಬಂದೆ. ಫೈಲು ತೆರೆದ ಕೂಡಲೇ ಕಂಡಿತು, ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡ ಸಾಲು. ಅದನ್ನು ತೆಗೆದು ಕೆಳಗೆ ಹಾಕಿದೆ. ನನ್ನ ಕಂಪ್ಯೂಟರಿನಲ್ಲಿ ನಲ್ಲಿ ಸರಿಯಾಗಿ ಬಂತು. ಮಹಡಿಗೆ ಓಡಿದೆ. ಅಕ್ಕನ ಫೋನಿನಲ್ಲಿ ಬಿಳಿ ಪುಟವೇ. ಮತ್ತೆ ಕೆಳಗೆ, ಮತ್ತೆ ಮೇಲೆ. ಬಿಳಿ ಪುಟವೇ. ಆಗ ಹೊಳೆಯಿತು. ಪರ್ಮನೆಂಟ್. ಇನ್ನು ನನ್ನ ಕೇಳಬೇಡ ಎಂದು ನಾನೇ ಹೇಳಿದ್ದೆ, ಅದು ಕೇಳುತ್ತಿರಲಿಲ್ಲ. ಅಕ್ಕನ ಒಂದು ಫೋನಾದರೆ ಅದರ ನೆನಪನ್ನು ಅಳಿಸಬಹುದು. ಬೆಳಿಗ್ಗೆಯಿಂದ ಚೀಟಿಗೆ ಹಿಡಿದ ಬೇರೆಯವರ ಫೋನುಗಳು? ಶಾಲೆಯವು, ಆಸ್ಪತ್ರೆಯವು, ನಾನು ಎಂದೂ ಮುಖ ನೋಡದ ತಾಯಂದಿರವು? ಅವರು ಒಂದು ಸಲ ಬಿಳಿ ಪುಟ ನೋಡಿ, ಎರಡು ಸಲ ನೋಡಿ, ಹಾಳಾಗಿಹೋಯಿತು ಎಂದು ಚೀಟಿ ಕಿತ್ತು ಎಸೆಯುತ್ತಾರೆ. ಅಲ್ಲಿಗೆ ಆ ಮನೆಯ ಮಗು ನೀರು ಕೇಳುವುದನ್ನು ಯಾರಿಂದ ಕಲಿಯಬೇಕು?

ಅತ್ತೆ ಬಂದಾಗ ನಾನು ಕೋಣೆಯ ಮೂಲೆಯಲ್ಲಿ ಕೂತು ಗೋಡೆಗೆ ತಲೆ ಆನಿಸಿದ್ದೆ. ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವಳು ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ಇಸ್ತ್ರಿಯ ಫೋನನ್ನೂ ಸೇರಿಸಿ.

“ಬೈದುಬಿಡು ಅತ್ತೆ.”

“ಬೈಯೋಣಂತೆ, ಅದೇನು ಹಳಸಿ ಹೋಗುತ್ತಾ? ಮೊದ್ಲು ಇದು ಹೇಳು. ಆ ಬಿಳಿ ಪುಟ ಬರುತ್ತಲ್ಲ, ಅದರ ಮೇಲ್ಗಡೆ ವಿಳಾಸ ಏನಂತ ಇದೆ?”

“ಅವರ ಸೈಟಿನ ಹೆಸರು.”

“ಅದರ ಹಿಂದೆ? ಬಾಲದಲ್ಲಿ?”

ಅಕ್ಕನ ಫೋನು ತಂದು ನೋಡಿದೆ. ಸೈಟಿನ ಹೆಸರು ಮಾತ್ರ ಹೊಸದು. ಬಾಲದಲ್ಲಿ ನಮ್ಮ ಹಳೆಯ ಪದವೇ ಇತ್ತು: ನಲ್ಲಿ. ನನ್ನ ದೊಡ್ಡ ಸಾಲು ಎಲ್ಲರನ್ನೂ ತಪ್ಪು ಮನೆಗೆ ಅಟ್ಟಿತ್ತು ನಿಜ, ಆದರೆ ಅವರವರ ಕೈಯಲ್ಲಿದ್ದ ಪದವನ್ನು ಕಿತ್ತುಕೊಂಡಿರಲಿಲ್ಲ.

ಅತ್ತೆ ಚಪ್ಪಾಳೆ ತಟ್ಟಿದಳು. ನಿಜವಾಗಿ ತಟ್ಟಿದಳು, ಚಿಕ್ಕ ಹುಡುಗಿಯ ಹಾಗೆ.

“ಬದುಕ್ಕೊಂಡ್ವಿ ಕಣೋ! ಯಾರನ್ನ ಹುಡುಕ್ತಿದ್ದೀನಿ ಅಂತ ಅವಕ್ಕೆ ಇನ್ನೂ ನೆನಪಿದೆ. ನಮ್ಮ ಬಾಗಿಲಿಗೆ ಅವು ಬರಲ್ಲ, ಸರಿ. ನಾವೇ ಹೋಗಿ ಆ ತಪ್ಪು ಮನೆ ಬಾಗಿಲಲ್ಲಿ ನಿಂತ್ಕೊಳ್ಳೋಣ. ‘ನಲ್ಲೀನಾ? ಇಲ್ಲೇ ಎಡಕ್ಕೆ ಹೋಗಿ’ ಅನ್ನೋಣ. ಅದೇ ಸಾಲುಗಳು, ಜಾಗ ಮಾತ್ರ ಬೇರೆ.”

ಬೆರಗಿನಿಂದ ಅವಳನ್ನೇ ನೋಡುತ್ತ ಕೂತೆ. ನಾನು ಅಷ್ಟು ಹೊತ್ತೂ ಓಡಿಹೋದ ಫೋನುಗಳನ್ನು ಹಿಂದಕ್ಕೆ ಕರೆಯುವುದು ಹೇಗೆ ಎಂದು ತಲೆ ಒಡೆದುಕೊಂಡಿದ್ದೆ. ಅವು ಹೋಗಿ ಮುಟ್ಟುವ ಕಡೆ ತಾನೇ ಹೋಗಿ ಕಾಯಬಹುದು ಎಂಬುದು ಅವಳಿಗೆ ಕಣ್ಣಿನ ನೀರು ಒರೆಸಿಕೊಳ್ಳುತ್ತಲೇ ಹೊಳೆದಿತ್ತು. ಆದರೆ ಮರುಕ್ಷಣ ನೆನಪಾಯಿತು. ಆ ತಪ್ಪು ಮನೆ ಇಸ್ತ್ರಿಯ ಸರ್ವರು.

“ಅವನ ಹತ್ರ ಹೋಗಿ ಕೈ ಒಡ್ಡಬೇಕಾ ಅತ್ತೆ?”

“ಹೂಂ. ಅಂಗಿ ಹಾಕ್ಕೋ. ಮತ್ತೆ ಅಕ್ಕನಿಗೆ ಹೇಳು, ಫೋನಿನ ನೆನಪು ಅಳಿಸೋದು ಬೇಡ. ಅದೇ ನಮ್ಮ ರೋಗಿ. ಅದಕ್ಕೆ ಗುಣವಾದ್ರೆ ಎಲ್ಲಕ್ಕೂ ಗುಣವಾಯ್ತು ಅಂತ.”

ಅದೇ ಉದ್ದನೆಯ ಮೇಜು. ಅದೇ ಎಂಜಿನಿಯರುಗಳು. ಅತ್ತೆ ಕೂರಲೂ ಇಲ್ಲ.

“ಸರ್, ನಮ್ಮ ಕಡೆ ತಪ್ಪಾಗಿದೆ. ತಪ್ಪು ಸಾಲು ಪರ್ಮನೆಂಟ್ ಆಗಿ ಬೆಳಿಗ್ಗೆಲ್ಲ ಓಡಿದೆ. ಅದನ್ನ ನೆನಪಿಟ್ಕೊಂಡ ಫೋನುಗಳೆಲ್ಲ ನಿಮ್ಮ ಸರ್ವರಿಗೆ ಬಂದು ದಿಕ್ಕು ತಪ್ಪಿ ನಿಂತಿವೆ. ನಿಮ್ಮಲ್ಲಿ ಕೆಲವು ಸಾಲು ಹಾಕೋಕೆ ಜಾಗ ಬೇಕು.”

ನಮ್ಮ ಕಡೆ ಎಂದಳು. ಇವನು ಎನ್ನಲಿಲ್ಲ, ಹುಡುಗ ಎನ್ನಲಿಲ್ಲ, ನಾನು ಮನೆಯಲ್ಲಿರಲಿಲ್ಲ ಎನ್ನಲಿಲ್ಲ.

ಇಸ್ತ್ರಿ ಅವಳನ್ನು ನೋಡಲೇ ಇಲ್ಲ, ನನ್ನನ್ನು ನೋಡಿದ. “ಹೇಳಿದ್ನೋ ಇಲ್ವೋ? ಇಂಥವರನ್ನ ಕೀಬೋರ್ಡ್ ಒರೆಸೋಕೆ ಇಟ್ಕೋಬೇಕು ಮೇಡಂ, ಒತ್ತೋಕಲ್ಲ.”

ಕಾಫಿ ಲೋಟಗಳು ಮತ್ತೆ ಬಾಯಿಗೆ ಅಡ್ಡ ಬಂದವು. ನನ್ನ ಹತ್ತಿರ ಉತ್ತರ ಇತ್ತು. ಎಲ್ಲವನ್ನೂ ಒಂದೇ ಸಾಲಿನಲ್ಲಿ ತಳ್ಳಿಬಿಡಿ ಎಂದು ಇದೇ ಕೋಣೆಯಲ್ಲಿ ಹೇಳಿದವನು ನೀನು. ಬೆಳಿಗ್ಗೆ ಫೋನು ಮಾಡಿ ಚುಚ್ಚಿದವನೂ ನೀನೇ. ಮಾತು ಗಂಟಲಿನ ತನಕ ಬಂದಿತ್ತು. ಆಗ ಅತ್ತೆ ಸೆರಗಿನ ಮರೆಯಲ್ಲಿ ಕೈ ಆಡಿಸಿದ್ದು ಕಂಡಿತು: ಮುಷ್ಟಿ, ಹಿಂದಕ್ಕೆ ಒಂದು ತಿರುವು. ಪುಟ್ಟಿಗೆ ದಿನಾ ತೋರಿಸುವ ಸನ್ನೆ. ನಲ್ಲಿ ನಿಲ್ಲಿಸು.

ನಿಲ್ಲಿಸಿದೆ.

ಇಸ್ತ್ರಿ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. ಕೊನೆಗೆ ತನ್ನ ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟ. ಅದನ್ನೂ ಹೇಳಬೇಕು, ಅವನು ಕೊಡದೆ ಇರಬಹುದಿತ್ತು.

ಅತ್ತೆ ಕೂತಳು. ಮೂಗಿನ ಕನ್ನಡಕ ತಲೆಗೆ, ತಲೆಯದು ಮೂಗಿಗೆ. ಅಷ್ಟು ಜನ ಬೆನ್ನ ಹಿಂದೆ ನಿಂತಿದ್ದಾರೆ, ಕಣ್ಣಿಗೆ ಔಷಧಿ ಹಾಕಿ ಅರ್ಧ ದಿನ ಆಗಿಲ್ಲ, ಕೀಬೋರ್ಡು ತನ್ನದಲ್ಲ. ಆದರೂ ನಮ್ಮ ಮುಂದಿನ ಕೋಣೆಯಲ್ಲಿ ಕೂತ ಹಾಗೇ ಕೂತಳು. ಮೊದಲು ಅವರ ಫೈಲಿನ ನಕಲು ತೆಗೆದಿಟ್ಟಳು. ಮೊದಲ ಸಾಲು ಬರೆದಳು, ಟೆಂಪರರಿ. “ಆ ನಂಬರಿನವರು ಮನೆ ಬದಲಾಯಿಸಿದ್ದಾರೆ. ಲೈನಲ್ಲಿರಿ, ಕೊಡ್ತೀನಿ.” ಎಂಟರ್. ನೋಡಿದಳು. ಬಾಗಿಲು ಬಂತು. ಮುಂದಿನದು. ಒಬ್ಬ ಎಂಜಿನಿಯರ್ ಮೊದಲ ಸಲ ಕೇಳಿ ನಕ್ಕ, ಆಮೇಲೆ ಲೋಟ ಕೆಳಗಿಟ್ಟು ಹತ್ತಿರ ಬಂದ. ಸ್ವಲ್ಪ ಹೊತ್ತಿಗೆ ಅವರೆಲ್ಲ ಪರದೆಯನ್ನು ನೋಡುವುದು ಬಿಟ್ಟು ಅವಳ ಬೆರಳುಗಳನ್ನು ನೋಡುತ್ತಿದ್ದರು. ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಕೊನೆಯ ಸಾಲು ಬಾಕಿ ಇತ್ತು. ಬೇಕೆಂದೇ ಬಾಕಿ ಇಟ್ಟಿದ್ದಳು. ಎದ್ದು ಕಣ್ಣು ಉಜ್ಜಿಕೊಂಡಳು.

“ನನ್ನ ಕಣ್ಣು ಉರೀತಿದೆ ಕಣೋ. ನಲ್ಲಿ ನೀನು ಹಾಕು.”

ಎಲ್ಲರ ಮುಂದೆ. ನಾನು ಕೂತೆ. ಅಕ್ಷರ ಅಕ್ಷರವಾಗಿ ಬರೆದೆ. ಸಾಲು ಸರಿಯಾದ ಜಾಗದಲ್ಲಿದೆಯೇ ನೋಡಿದೆ, ಟೆಂಪರರಿ ಎಂದು ಇದೆಯೇ ನೋಡಿದೆ. ಎಂಟರ್ ಒತ್ತುವಾಗ ನನ್ನ ತುಟಿಯೂ ಅದೇ ಮಾತು ಆಡಿತು, ಸದ್ದಿಲ್ಲದೆ.

ಅಕ್ಕನ ಫೋನು ಪುಟ್ಟಿಯ ಕೈಯಲ್ಲಿರಬೇಕು, ಹಾಗಾಗಿ ಮನೆಯ ಇನ್ನೊಂದು ಫೋನಿಗೆ ಕರೆ ಮಾಡಿದೆ. “ನಲ್ಲಿಗೆ ಹಿಡಿಯೋಕೆ ಹೇಳೇ.”

ಆ ಕಡೆ ಪಾತ್ರೆ ಸರಿದ ಸದ್ದು, ಹೆಜ್ಜೆಯ ಸದ್ದು. ಆಮೇಲೆ ಏನೂ ಇಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಧೋ ಎಂದು ನೀರು ಬಿದ್ದ ಸದ್ದು, ಅದರ ಮೇಲೆ ಅಕ್ಕನ ಕೂಗು.

“ಬಂತು ಕಣೋ! ಕೈ ಬಂತು! ಮುಚ್ಚಳ ಹಾಕ್ಕೊಂಡು ಹೆಂಗೆ ನಿಂತಿದ್ದಾಳೆ ನೋಡು ಬಾ, ಮಹಾರಾಣಿ! ಉಳಿದ ಚೀಟಿಗೆಲ್ಲ ನೀನು ಬಂದ್ಮೇಲೇನೇ ಹಿಡಿಯೋದಂತೆ, ಹುಬ್ಬು ಎಳ್ಕೊಂಡು ಕರೀತಿದ್ದಾಳೆ.”

“ಬಂದೆ,” ಎಂದೆ.

ಎದ್ದು ಬಾಗಿಲ ಹತ್ತಿರ ಹೋದೆ. ಇಸ್ತ್ರಿ ಅಲ್ಲೇ ನಿಂತಿದ್ದ, ಕೈ ಕಟ್ಟಿಕೊಂಡು.

“ಮೇಡಂ ಇದ್ದಿದ್ದಕ್ಕೆ ಬಚಾವಾದೆ. ಇನ್ಮೇಲಾದ್ರೂ ಎಲ್ಲಾದ್ರೂ ನಾಲ್ಕಕ್ಷರ ಕಲ್ತ್ಕೋ.” ನಾನು ನಿಂತೆ. “ಏನು ಹಂಗೆ ನೋಡ್ತೀಯಾ? ಹೇಳೋದಿದ್ರೆ ಹೇಳು. ಎಲ್ಲರೂ ಇಲ್ಲೇ ಇದ್ದಾರೆ, ಕೇಳ್ಲಿ.”

ಉತ್ತರ ಗಂಟಲಿನಲ್ಲೇ ಇತ್ತು, ಮೊದಲಿಗಿಂತ ಹರಿತವಾಗಿ. ಓರೆಗಣ್ಣಿಗೆ ಕೋಣೆಯೊಳಗಿನ ಪರದೆಯೂ ಕಾಣುತ್ತಿತ್ತು. ಅದರಲ್ಲಿ ಅತ್ತೆಯ ಸಾಲುಗಳು, ಕೊನೆಯಲ್ಲಿ ನನ್ನ ಒಂದು. ಅವು ಇನ್ನು ಇರಬೇಕಾದದ್ದು ಅವನ ಮನೆಯಲ್ಲಿ, ಅವನ ಕೈಯಳತೆಯಲ್ಲಿ. ಒಬ್ಬನಿಗೆ ಮುಖಭಂಗವಾದರೆ ಅಷ್ಟೂ ಸಾಲು ಅಳಿಸುವುದಕ್ಕೆ ಎಷ್ಟು ಹೊತ್ತು?

ಪಕ್ಕಕ್ಕೆ ಸರಿದು, ಅವನನ್ನು ದಾಟಿ, ಮೆಟ್ಟಿಲ ಕಡೆ ನಡೆದೆ.

“ಏಯ್, ಮಾತಾಡೋಕೆ ಬರಲ್ವಾ ನಿಂಗೆ?”

ಹಿಂದಿನಿಂದ ಅತ್ತೆಯ ದನಿ ಕೇಳಿತು, ಎಕ್ಸ್‌ಚೇಂಜಿನ ದನಿ, ಸಕ್ಕರೆ ಬೆರೆಸಿದ್ದು. “ಆ ನಂಬರಿನವರು ಹೊರಗೆ ಹೋಗಿದ್ದಾರೆ ಸರ್. ಏನಾದ್ರೂ ಇದ್ರೆ ನಂಗೆ ಹೇಳಿ.”

ಯಾರೋ ನಕ್ಕರು. ಈ ಸಲ ಲೋಟ ಅಡ್ಡ ಇರಲಿಲ್ಲ, ನಗು ಪೂರ್ತಿ ಕೇಳಿಸಿತು. ನಾನು ತಿರುಗಿ ನೋಡದೆ ಮೆಟ್ಟಿಲು ಇಳಿದೆ.